ಎರಡನೇ ಸಲ ಕೇಳದ ಮೇಡಂ

ಮೇಡಂ ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ವರ್ಷವಿಡೀ ಕಪ್ಪಗಿರುತ್ತಿದ್ದವು. ಸಿಲ್ವರ್ ನೈಟ್ರೇಟ್ ತಾಗಿದರೆ ಹಾಗೆ. ಮೊದಲು ಏನೂ ಕಾಣುವುದಿಲ್ಲ, ಬಿಸಿಲಿಗೆ ಬಂದ ಮೇಲೆ ಕಪ್ಪಾಗುತ್ತದೆ, ಆಮೇಲೆ ಯಾವ ಸಾಬೂನಿಗೂ ಜಗ್ಗುವುದಿಲ್ಲ. ಕೈಗವಸು ಹಾಕಿಕೊಳ್ಳಿ ಎಂದು ನಮ್ಮನ್ನೆಲ್ಲ ಗದರುತ್ತಿದ್ದವರು ತಾವು ಮಾತ್ರ ಒಂದು ದಿನವೂ ಹಾಕಿಕೊಂಡದ್ದು ನಾನು ನೋಡಿಲ್ಲ. ಮದುವೆಮನೆಗಳಲ್ಲಿ ನೆಂಟರು ಆ ಬೆರಳುಗಳನ್ನು ನೋಡಿ, ಗೇರುಬೀಜ ಸುಲಿಯಲಿಕ್ಕೆ ಕೂತಿದ್ದಿರಾ ಎಂದು ಕೇಳುತ್ತಿದ್ದರಂತೆ. ಹೆಂಗಸಿನ ಬೆರಳು ಕಪ್ಪಾಗಲು ನಮ್ಮ ಕಡೆ ಜನರಿಗೆ ಗೊತ್ತಿರುವ ಕಾರಣ ಅದೊಂದೇ. ಮೇಡಂ ಹೌದು ಎಂದು ಹೇಳಿ ಊಟಕ್ಕೆ ಕೂರುತ್ತಿದ್ದರು.

ಪುತ್ತೂರಿನಿಂದ ಸುಳ್ಯದ ಕಡೆಗೆ ಹೋಗುವ ದಾರಿಯಲ್ಲಿ ಗುಡ್ಡ ಕಡಿದು ಸಮ ಮಾಡಿ ಕಟ್ಟಿದ್ದು ನಮ್ಮ ಸ್ನಾತಕೋತ್ತರ ಕೇಂದ್ರ. ವಿಶ್ವವಿದ್ಯಾಲಯದ್ದೇ, ಆದರೆ ವಿಶ್ವವಿದ್ಯಾಲಯಕ್ಕೆ ನಮ್ಮ ನೆನಪಾಗುವುದು ಅಪರೂಪ. ಅಲ್ಲಿಯ ರಸಾಯನಶಾಸ್ತ್ರ ವಿಭಾಗದಲ್ಲಿ ಮೇಡಂ ಕಲಿಸುತ್ತಿದ್ದರು. ನಾನು ಅವರ ವಿದ್ಯಾರ್ಥಿನಿಯಾಗಿ ಹೋದೆ, ಆಮೇಲೆ ಅದೇ ವಿಭಾಗಕ್ಕೆ ಉಪನ್ಯಾಸಕಿಯಾಗಿ ಸೇರಿದೆ, ಈಗ ಅದೇ ವಿಭಾಗದ ಮುಖ್ಯಸ್ಥೆಯ ಕುರ್ಚಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಈ ಕುರ್ಚಿ ಅವರಿಗೆ ಸಿಗಬೇಕಿತ್ತು. ಸಿಗಲಿಲ್ಲ. ನನಗೆ ಸಿಕ್ಕಿದ್ದು ಅವರಿಂದ. ಇದನ್ನು ಹೇಳಿ ಎದ್ದು ಹೋಗಬಹುದಿತ್ತು, ಆದರೆ ಅವರು ಹೋದ ಮೇಲೆ ಅವರ ಬಗ್ಗೆ ಮಾತಾಡಲು ಜನ ಸಿಗುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಎಂ.ಎಸ್ಸಿ. ಮೊದಲ ವರ್ಷದಲ್ಲಿ ಪ್ರಾಯೋಗಿಕ ಪರೀಕ್ಷೆ ಮುಗಿದ ಮೇಲೆ ಮೇಡಂ ಇಡೀ ತರಗತಿಯನ್ನು ಪುತ್ತೂರಿನ ತಮ್ಮ ಮನೆಗೆ ಊಟಕ್ಕೆ ಕರೆದರು. ಒತ್ತುಶ್ಯಾವಿಗೆ ಮತ್ತು ಕೋಳಿ ಸಾರು. ಸಾರಿನ ಪರಿಮಳ ಗೇಟಿನವರೆಗೆ ಬಂದಿತ್ತು. ಮೇಡಂ ತಾವೇ ಪಾತ್ರೆ ಹಿಡಿದು ಬಡಿಸುತ್ತ ಬಂದು, ನನ್ನ ತಟ್ಟೆಗೆ ಒಂದು ತುಂಡು ಹಾಕಿ, ಇನ್ನೊಂದು ಬೇಕಾ ಎಂದರು. ನಾನು ತಟ್ಟೆಗೆ ಕೈ ಅಡ್ಡ ಹಿಡಿದು ಅಯ್ಯೋ ಸಾಕು ಎಂದೆ. ನಮ್ಮಲ್ಲಿ ಯಾರೇ ಆದರೂ ಹಾಗೆ ಹೇಳುವುದು. ಉಣ್ಣುವವರು ಕೈ ಅಡ್ಡ ಹಿಡಿಯಬೇಕು, ಬಡಿಸುವವರು ಆ ಕೈ ಸರಿಸಿ ಹಾಕಬೇಕು, ಆಮೇಲೆ ಇಷ್ಟೆಲ್ಲ ಯಾಕೆ ಹಾಕಿದ್ದು ಎಂದು ಗೊಣಗಿಕೊಂಡು ಸಂತೋಷದಲ್ಲಿ ತಿನ್ನಬೇಕು. ಬಂಟರ ಮನೆಯಲ್ಲೂ ಗೌಡರ ಮನೆಯಲ್ಲೂ ಬ್ಯಾರಿಗಳ ಮನೆಯಲ್ಲೂ, ನಮ್ಮ ಹಾಗೆ ಕೇರಳದಿಂದ ಬಂದು ಕಡಬದ ಆಚೆ ರಬ್ಬರ್ ಹಾಕಿದ ಕ್ರಿಶ್ಚಿಯನ್ನರ ಮನೆಯಲ್ಲೂ ಇದೇ ಕ್ರಮ. ಮೊದಲ ಸಲಕ್ಕೇ ಹೂಂ ಎಂದರೆ ಮನೆಯಲ್ಲಿ ಅನ್ನವೇ ಕಾಣದವಳು ಎಂದಾಗುತ್ತದೆ. ಅಮ್ಮಚ್ಚಿ, ಅಂದರೆ ನನ್ನ ಅಮ್ಮ, ನನಗೆ ನಡೆಯಲು ಕಲಿಸುವ ಮೊದಲೇ ಇದನ್ನು ಕಲಿಸಿದ್ದಿರಬೇಕು.

ಮೇಡಂ, ಆಯ್ತು ಎಂದು ಮುಂದಿನವರ ಬಳಿಗೆ ಹೋದರು. ಅಡ್ಡ ಹಿಡಿದ ನನ್ನ ಕೈ ಹಾಗೇ ಉಳಿಯಿತು. ಇನ್ನೊಮ್ಮೆ ಬರುತ್ತಾರೆಂದು ಶ್ಯಾವಿಗೆಯನ್ನು ಮೆಲ್ಲಗೆ ತಿಂದೆ, ನೀರು ಕುಡಿದೆ, ಪಕ್ಕದವಳೊಂದಿಗೆ ಮಾತಾಡಿದೆ. ಬರಲಿಲ್ಲ. ಹುಡುಗರು ಕೇಳಿ ಕೇಳಿ ಹಾಕಿಸಿಕೊಂಡರು. ಹುಡುಗಿಯರು ಎಲ್ಲರೂ ಬಹಳ ಮರ್ಯಾದೆಯಿಂದ ಅರ್ಧ ಹೊಟ್ಟೆಯಲ್ಲಿ ಎದ್ದೆವು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಸುಳ್ಯದ ನನ್ನ ಗೆಳತಿಗೆ ಸಿಟ್ಟು ತಡೆಯಲಾಗಲಿಲ್ಲ.

"ಮೇಡಂದು ಕೈ ಭಾರೀ ಬಿಗಿ ಮಾರಾಯ್ತಿ. ಒಳಗೆ ಇನ್ನೊಂದು ಪಾತ್ರೆ ಸಾರು ಉಂಟು, ನಾನೇ ನೋಡಿದ್ದೇನೆ" ಎಂದಳು.

ಆ ಅಪವಾದ ಮೇಡಂ ಮೇಲೆ ಮೊದಲಿನಿಂದಲೂ ಇತ್ತಂತೆ. ಅವರ ಮನೆಗೆ ಹೋದರೆ ಚಹಾ ಬೇಕಾ ಎಂದು ಒಂದೇ ಸಲ ಕೇಳುತ್ತಾರೆ, ಬೇಡ ಎಂದರೆ ಚಹಾ ಇಲ್ಲ. ಮೇಡಂ ಅವರ ಗಂಡ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದವರು, ನಗುಮುಖದ ಮನುಷ್ಯ. ಹೆಂಡತಿ ಆಚೆ ಹೋದಾಗ ಅವರೇ ಕದ್ದು ಬಂದು ಬಿಸ್ಕತ್ತು ಇಟ್ಟು ಹೋಗುತ್ತಿದ್ದದ್ದುಂಟು. ತರಗತಿಯಲ್ಲೂ ಮೇಡಂ ಕ್ರಮ ಅದೇ. ಈ ವಾರ ಸೆಮಿನಾರ್ ಯಾರು ಕೊಡುತ್ತೀರಿ ಎಂದು ಕೇಳುತ್ತಿದ್ದರು. ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ನಾವೇ ಹುಡುಗಿಯರು, ಓದಿಕೊಂಡು ಬಂದವರೂ ನಾವೇ. ಆದರೂ ತಲೆ ಬಗ್ಗಿಸಿ, ನಮ್ಮ ಹೆಸರು ಹಿಡಿದು ಕರೆಯಲಿ ಎಂದು ಕಾಯುತ್ತಿದ್ದೆವು. ಅಷ್ಟರಲ್ಲಿ ಪುಸ್ತಕದ ರಟ್ಟು ಮಾತ್ರ ನೋಡಿದ ಹುಡುಗನೊಬ್ಬ ಎದ್ದು ನಿಲ್ಲುತ್ತಿದ್ದ. ಮೇಡಂ ಅವನಿಗೇ ಕೊಡುತ್ತಿದ್ದರು. ಅವರಿಗೆ ಹುಡುಗರೆಂದರೆ ಪ್ರೀತಿ ಎಂದು ನಾವು ತೀರ್ಮಾನ ಮಾಡಿದ್ದೆವು.

ಒಂದು ದಿನ ಅವರಿಗೇ ಸಾಕಾಯಿತೋ ಏನೋ, ಹುಡುಗಿಯರನ್ನು ಮಾತ್ರ ಲ್ಯಾಬಿನಲ್ಲಿ ನಿಲ್ಲಿಸಿಕೊಂಡರು. ಬೈಯುತ್ತಾರೆಂದು ಹೆದರಿದೆವು. ಅವರು ಬೈಯಲಿಲ್ಲ.

"ನಾನು ಎರಡನೇ ಸಲ ಕೇಳುದಿಲ್ಲ, ನೋಡಿ. ಹೊರಗೆ ಯಾರೂ ಕೇಳುದಿಲ್ಲ. ಬೇಕಾದ್ರೆ ಬೇಕು ಅನ್ನಿ, ಬೇಡದಿದ್ರೆ ಬೇಡ ಅನ್ನಿ. ಬೇಕು ಅಂತ ಮನಸ್ಸಲ್ಲಿಟ್ಟು ಬೇಡ ಅಂತ ಹೇಳುದು ಇವತ್ತಿಗೆ ನಿಲ್ಲಿಸಿ" ಎಂದರು.

ಇಷ್ಟೊಂದು ಒರಟಾಗಿ ಯಾಕೆ ಹೇಳಬೇಕು ಎಂದು ನನಗೆ ಆಗ ಬೇಸರವಾಗಿತ್ತು. ಅದಕ್ಕೆ ಕಾರಣ ತಿಳಿದದ್ದು ನಾನು ಅಲ್ಲಿಗೇ ಉಪನ್ಯಾಸಕಿಯಾಗಿ ಸೇರಿ, ಅವರೊಂದಿಗೆ ಒಂದೇ ಕೋಣೆಯಲ್ಲಿ ಕೂರಲು ಶುರುಮಾಡಿದ ಮೇಲೆ. ಮೇಡಂಗೆ ಒಂದು ಅಭ್ಯಾಸವಿತ್ತು. ಲ್ಯಾಬಿನ ಗಾಜಿನ ಸಾಮಾನು ತೊಳೆಯಲು ಆಳಿದ್ದರೂ ಬ್ಯೂರೆಟ್‌ಗಳನ್ನು ಮಾತ್ರ ತಾವೇ ತೊಳೆಯುತ್ತಿದ್ದರು. ಸೆರಗು ಸಿಕ್ಕಿಸಿ, ನಲ್ಲಿಯ ಮುಂದೆ ನಿಂತು, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅವರು ಮನಸ್ಸು ಬಿಚ್ಚುತ್ತಿದ್ದದ್ದು ಆಗ ಮಾತ್ರ. ಎದುರು ಕೂತರೆ ಪಾಠ, ನಲ್ಲಿಯ ಮುಂದೆ ನಿಂತರೆ ಮಾತು. ಹಾಗೆ ಒಂದು ಮಧ್ಯಾಹ್ನ, ನಾನು ಒರೆಸಲು ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದಾಗ, ಆ ಹಳೆಯ ವಿಷಯ ಹೇಳಿದರು.

ಬಹಳ ಹಿಂದೆ ವಿಭಾಗದ ಮುಖ್ಯಸ್ಥರ ಸ್ಥಾನ ಖಾಲಿಯಾಗಿತ್ತು. ಹಿರಿತನದಲ್ಲಿ ಮೇಡಂ ಮೊದಲು. ಅವರ ನಂತರ ಒಬ್ಬ ಗಂಡಸು, ಒಳ್ಳೆಯವರೇ. ಆಗಿನ ನಿರ್ದೇಶಕರು ಇಬ್ಬರನ್ನೂ ಕರೆಸಿ, ಚಹಾ ತರಿಸಿ, ಮೊದಲು ಮೇಡಂ ಅವರನ್ನು ಕೇಳಿದರು. ಮೇಡಂಗೆ ಆ ಕೆಲಸದ ಆಸೆ ಇತ್ತು. ಲ್ಯಾಬ್ ಹೇಗಿರಬೇಕು, ಯಾವ ಉಪಕರಣ ತರಿಸಬೇಕು, ಯಾರನ್ನು ಎಲ್ಲಿಗೆ ಕಳಿಸಬೇಕು ಎಂದೆಲ್ಲ ತಲೆಯಲ್ಲಿ ತಯಾರಾಗಿತ್ತು. ಆದರೂ ಬಾಯಿಯಿಂದ ಬಂದದ್ದು ಬೇರೆ. ಅಯ್ಯೋ ಸರ್, ನನಗೆಂತಕ್ಕೆ ಅದೆಲ್ಲ, ಬೇರೆಯವರು ಇದ್ದಾರಲ್ಲ ಎಂದುಬಿಟ್ಟರು. ತಟ್ಟೆಗೆ ಕೈ ಅಡ್ಡ ಹಿಡಿದ ಹಾಗೆ.

ನಿರ್ದೇಶಕರು, ಸರಿ ಹಾಗಾದರೆ ಎಂದು ಆ ಗಂಡಸಿನ ಕಡೆ ತಿರುಗಿದರು. ಅವರೂ ನಮ್ಮ ಊರಿನವರೇ ತಾನೆ, ಅವರೂ ಮರ್ಯಾದೆಗೆ ಬೇಡವೆಂದರು. ಮೇಡಂ ಇರುವಾಗ ತಾನು ಹೇಗೆ, ತನಗೆ ಅಷ್ಟು ತಿಳಿಯದು ಎಂದರು. ಅದಕ್ಕೆ ನಿರ್ದೇಶಕರು ನಕ್ಕು, ಅದೆಲ್ಲ ಬಿಡಿ ಮಾರಾಯ್ರೆ, ನೀವೇ ತಗೊಳ್ಳಿ ಎಂದು ಅವರ ಬೆನ್ನು ತಟ್ಟಿದರು. ಅವರು ತಗೊಂಡರು.

ಮೇಡಂ ಬ್ಯೂರೆಟ್ ಒಂದನ್ನು ಬೆಳಕಿಗೆ ಹಿಡಿದುಕೊಂಡೇ ಹೇಳಿದರು: "ಅವರಿಗೆ ಎರಡನೇ ಸಲ ಕೇಳಿದ್ರು. ನನಗೆ ಕೇಳ್ಲಿಲ್ಲ. ಅಷ್ಟೇ ಮಾರಾಯ್ತಿ, ಬೇರೆ ಎಂತದ್ದೂ ಆಗ್ಲಿಲ್ಲ."

ಆ ನಿರ್ದೇಶಕರ ಮನೆಯಲ್ಲಿ ಮೇಡಂ ಎಷ್ಟೋ ಸಲ ಉಂಡಿದ್ದರಂತೆ. ಬೇಡ ಬೇಡ ಎಂದರೂ ಬಿಡದೆ, ಕೈ ಸರಿಸಿ ಪಾಯಸ ಸುರಿಯುವ ಮನುಷ್ಯ ಅವರು. ಊಟದ ಹೊತ್ತಿಗೆ ಹೆಂಗಸಿನ ಬೇಡಕ್ಕೆ ಅರ್ಥ ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆಫೀಸಿನಲ್ಲಿ ಮಾತ್ರ ಮರೆತುಹೋಯಿತು. ಮೇಡಂ ಅವತ್ತು ಲ್ಯಾಬಿಗೆ ಬಂದು, ನಾಳೆ ಇನ್ನೊಮ್ಮೆ ಕರೆಯುತ್ತಾರೆ ಎಂದು ಕಾದರು. ನಾಡಿದ್ದು ಎಂದು ಕಾದರು. ಹೋಗಿ ಕೇಳಬಹುದಿತ್ತಲ್ಲ ಎಂದೆ. ಬೇಡ ಎಂದವಳು ನಾನೇ, ಇನ್ನು ಹೋಗಿ ಎಂತ ಕೇಳುದು ಎಂದರು. ಆ ಗಂಡಸು ಕುರ್ಚಿಯಲ್ಲಿ ಮುಂದುವರಿದರು, ಅನುಭವ ಇದೆ ಎಂದು ಮತ್ತೆ ಅವರಿಗೇ ಕೊಟ್ಟರು. ಪ್ರೊಫೆಸರ್ ಹುದ್ದೆಯ ಸಂದರ್ಶನದಲ್ಲಿ ಮೇಡಂಗೆ, ಆಡಳಿತದ ಅನುಭವ ಏನುಂಟು ಎಂದು ಕೇಳಿದರಂತೆ. ಏನೂ ಇರಲಿಲ್ಲ. ಆ ಹುದ್ದೆಯೂ ಆ ಗಂಡಸಿಗೇ ಹೋಯಿತು. ಬೈಯೋಣವೆಂದರೆ ಯಾರನ್ನು ಬೈಯುವುದು? ಯಾರೂ ಏನೂ ಕಿತ್ತುಕೊಂಡಿಲ್ಲ. ನನಗೆ ಹೊಟ್ಟೆ ಉರಿದದ್ದು ಅದಕ್ಕೇ. ಅವತ್ತಿನಿಂದ ಮೇಡಂ ಮನೆಯಲ್ಲಾಗಲಿ ಹೊರಗಾಗಲಿ ಯಾರಿಗೂ ಎರಡನೇ ಸಲ ಕೇಳುವುದನ್ನು ಬಿಟ್ಟರು.

ಕೊನೆಗೆ ಆ ಗಂಡಸು ಇನ್ನೂ ದೊಡ್ಡ ಹುದ್ದೆಗೆ ಹೋಗುವ ಹೊತ್ತಿಗೆ ಮೇಡಂ ನಿವೃತ್ತಿಯ ಅಂಚಿಗೆ ಬಂದಿದ್ದರು. ಹಿರಿತನದಲ್ಲಿ ಅವರ ನಂತರ ನಾನು. ನನ್ನ ಹಿಂದೆ ಇಬ್ಬರು ಗಂಡಸರು. ನಿರ್ದೇಶಕರಾಗಿ ಬೇರೆಯವರು ಬಂದಿದ್ದರು, ಆದರೆ ಚಹಾ ತರಿಸಿ ಕೇಳುವ ಪದ್ಧತಿ ಅದೇ. ಆಗ ನನ್ನ ಮಗಳು ಇನ್ನೂ ಸಣ್ಣವಳು, ಎಲ್‌ಕೆಜಿ. ಅತ್ತೆಗೆ ಮೊಣಕಾಲು ನೋವು, ಅವಳ ಹಿಂದೆ ಓಡಲು ಆಗುತ್ತಿರಲಿಲ್ಲ. ಈಗ ಯಾಕೆ ಅವಸರ, ಮಗು ದೊಡ್ಡದಾಗಲಿ ಎಂದರು ನನ್ನ ಗಂಡ, ಪ್ರೀತಿಯಿಂದಲೇ. ಅಮ್ಮಚ್ಚಿ ಫೋನಿನಲ್ಲಿ ಮಲಯಾಳದಲ್ಲಿ ಅದನ್ನೇ ಹೇಳಿದಳು. ಸರಿ, ಬೇಡವೆಂದು ಹೇಳಿಬಿಡೋಣ ಎಂದು ನಾನೂ ಅಂದುಕೊಂಡೆ. ಆದರೆ ನನಗೆ ಅದು ಬೇಕಿತ್ತು. ಅಂಗಳದಲ್ಲಿ ಬಟ್ಟೆ ಒಣಗಿಸುವಾಗಲೂ ವಿಭಾಗದ ವೇಳಾಪಟ್ಟಿಯನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ.

ಮೇಡಂ ನನ್ನ ಮುಖ ನೋಡಿಯೇ ವಿಷಯ ಹಿಡಿದರು. "ಬೇಕಾ ಬೇಡವಾ, ಒಂದು ಹೇಳು" ಎಂದರು. ಅದು ಅವರ ಖಾಯಂ ಮಾತು. ನಾನು ಮಗು, ಅತ್ತೆ, ಬಸ್ಸು ಎಂದು ಶುರುಮಾಡಿದೆ. ಅವರು ಕೈ ಎತ್ತಿ ತಡೆದರು. ಅದು ಬೇರೆ ಪ್ರಶ್ನೆ, ಅದಕ್ಕೆ ಆಮೇಲೆ ದಾರಿ ಹುಡುಕುವ, ಮೊದಲು ಇದಕ್ಕೆ ಉತ್ತರ ಹೇಳು ಎಂದರು. ಬೇಕು ಎಂದೆ. ಹೇಳುವಾಗ ಕಣ್ಣಲ್ಲಿ ನೀರು ಬಂತು, ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಹಾಗಾದರೆ ಅಭ್ಯಾಸ ಮಾಡು ಎಂದು ಅವರು ಲ್ಯಾಬಿನ ಎತ್ತರದ ಸ್ಟೂಲಿನ ಮೇಲೆ ಕೂತು ನಿರ್ದೇಶಕರಾದರು. ದನಿ ದಪ್ಪ ಮಾಡಿ, ಎಂತ ಮೇಡಂ, ನೀವು ತಗೊಳ್ತೀರಾ ಎಂದು ಕೇಳಿದರು. ನಾನು, ಹೂಂ ಸರ್, ಆದರೆ ಎಂದೆ. ಆದರೆ ಬಿಡು ಎಂದರು. ಇನ್ನೊಮ್ಮೆ ಕೇಳಿದರು. ಎಲ್ಲರೂ ಒಪ್ಪುವುದಾದರೆ ಎಂದೆ. ಎಲ್ಲರನ್ನೂ ಮನೆಗೆ ಕಳಿಸು ಎಂದರು. ಬರೀ ಹೂಂ ಎನ್ನಲು ನನ್ನಿಂದ ಆಗುತ್ತಲೇ ಇರಲಿಲ್ಲ. ಹಿಂದೆ ಒಂದು ಬಾಲ, ಮುಂದೆ ಒಂದು ಅಯ್ಯೋ. ಇಷ್ಟು ವರ್ಷ ಕಲಿಸಿದ್ದು ದಂಡವಾಯಿತೆಂದು ಮೇಡಂ ಹಣೆ ಹಣೆ ಬಡಿದುಕೊಂಡರು. ಇಬ್ಬರೂ ನಗಲು ಶುರುಮಾಡಿದ್ದೇ ನಿಲ್ಲಲಿಲ್ಲ. ಲ್ಯಾಬಿನ ಆಳು ಬಾಗಿಲಲ್ಲಿ ಇಣುಕಿ ನೋಡಿ ಹೋದ.

ನಿರ್ದೇಶಕರು ನನ್ನನ್ನೂ ಆ ಇಬ್ಬರು ಗಂಡಸರನ್ನೂ ಕರೆದರು. ಚಹಾ ಬಂತು. ಅವರು ನನ್ನ ಕಡೆ ತಿರುಗಿ ಕೇಳಿದಾಗ, ಅಷ್ಟು ಅಭ್ಯಾಸ ಮಾಡಿದ್ದರೂ, ನನ್ನ ಬಾಯಿಯಿಂದ ಅಯ್ಯೋ ಎಂದು ಹೊರಟೇ ಬಿಟ್ಟಿತು. ನಿರ್ದೇಶಕರು ಆಗಲೇ ಪಕ್ಕದವರ ಕಡೆ ಅರ್ಧ ತಿರುಗಿದ್ದರು. ಆ ಅರ್ಧ ತಿರುಗಿದ ಕುತ್ತಿಗೆ ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೇಡಂ ಕಾದ ಎಲ್ಲ ದಿನಗಳೂ ಒಟ್ಟಿಗೆ ನೆನಪಾದವು.

"ತಗೊಳ್ತೇನೆ ಸರ್" ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಬಂತು.

ಒಬ್ಬರು ಚಹಾ ಕುಡಿಯುವುದನ್ನೇ ನಿಲ್ಲಿಸಿದರು. ನಿರ್ದೇಶಕರು, ಮನೆಯಲ್ಲಿ ಕೇಳಿದ್ದೀರಲ್ಲ ಎಂದು ವಿಚಾರಿಸಿದರು. ಹೇಳಿದ್ದೇನೆ ಎಂದೆ. ಕೆಲಸ ಆಯಿತು. ಸಂಜೆಯೊಳಗೆ ಇಡೀ ಕೇಂದ್ರದಲ್ಲಿ ಸುದ್ದಿ ಹಬ್ಬಿತು, ನನಗೆ ಕುರ್ಚಿಯ ಆಸೆ ವಿಪರೀತ ಎಂದು. ಹಾಗೆ ಹೇಳಿದವರಲ್ಲಿ ಹೆಂಗಸರೂ ಇದ್ದರು. ನನಗೆ ನಿಜಕ್ಕೂ ನೋವಾಯಿತು. ಮೇಡಂ ಹತ್ತಿರ ಹೇಳಿಕೊಂಡೆ. ಆಸೆ ಉಂಟು ಎಂದು ಹೇಳಿಬಿಡು, ಸುಳ್ಳಲ್ಲವಲ್ಲ ಎಂದರು.

ಮಗುವಿನ ಪ್ರಶ್ನೆಗೂ ಅವರೇ ದಾರಿ ಹುಡುಕಿದರು. ಅಷ್ಟರಲ್ಲಿ ಅವರಿಗೆ ನಿವೃತ್ತಿಯಾಗಿತ್ತು. ಶಾಲೆ ಬಿಟ್ಟ ಮೇಲೆ ಮಗು ನಮ್ಮಲ್ಲಿರಲಿ, ಸಂಜೆ ಕರ್ಕೊಂಡು ಹೋಗು, ಬೇಕಾ ಬೇಡವಾ ಎಂದರು. ಎಷ್ಟು ದೊಡ್ಡ ಮಾತು ಅದು. ನಿಮಗೆ ತೊಂದರೆ, ಬೇಡ ಎಂದು ನಾಲಿಗೆಯ ತುದಿಗೆ ಬಂದಿತ್ತು. ಅವರು ಎರಡನೇ ಸಲ ಕೇಳುವುದಿಲ್ಲ ಎಂದು ನನಗೆ ಗೊತ್ತಲ್ಲ, ಬೇಕು ಎಂದೆ. ಅವರು ತಲೆಯಾಡಿಸಿ ಒಳಗೆ ಹೋಗಿ, ಮಗುವಿಗೆ ಯಾವ ಬಿಸ್ಕತ್ತು ಇಷ್ಟ ಎಂದು ಅಲ್ಲಿಂದಲೇ ಕೇಳಿದರು.

ನನ್ನ ಮಗಳು ಅಲ್ಲಿ ಬೆಳೆದಳು. ಮೇಡಂ ಅವರ ಗಂಡನ ಹೆಗಲ ಮೇಲೆ ಕೂತು ಮನೆಮುಂದಿನ ಪೇರಳೆ ಕೊಯ್ದಳು, ಮೇಡಂ ಹತ್ತಿರ ಗೌಡರ ಮನೆಮಾತಾದ ಅರೆಭಾಷೆ ಕಲಿತಳು. ಜೊತೆಗೆ ಇನ್ನೊಂದನ್ನೂ ಕಲಿತಳು. ಕಬಕದಲ್ಲಿ ನೆಂಟರ ಮಗುವಿನ ಜ್ಞಾನಸ್ನಾನದ ಊಟಕ್ಕೆ ಹೋಗಿದ್ದೆವು. ಬಡಿಸುವವರು ಕಟ್ಲೆಟ್ ಇನ್ನೊಂದು ಬೇಕಾ ಪುಟ್ಟೀ ಎಂದು ಕೇಳಿದ ಕೂಡಲೇ ನನ್ನ ಮಗಳು, ಬೇಕು, ಎರಡು ಹಾಕಿ ಎಂದಳು. ಅತ್ತೆಯ ಮುಖ ಸಣ್ಣದಾಯಿತು. ಮನೆಯಲ್ಲಿ ಏನೂ ಕೊಡುವುದಿಲ್ಲ ಎಂದುಕೊಳ್ಳುವುದಿಲ್ಲವೇ ಜನ, ಯಾರು ಇದಕ್ಕೆ ಹೀಗೆ ಕಲಿಸಿದ್ದು ಎಂದು ದಾರಿಯುದ್ದಕ್ಕೂ ಅಂದರು. ಮರುದಿನ ಮೇಡಂಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. ಮಗುವನ್ನು ಹತ್ತಿರ ಕರೆದು, ಎರಡೂ ತಿಂದೆಯಾ ಎಂದು ಕೇಳಿದರು. ತಿಂದೆ ಎಂದಳು. ಅವಳ ತಲೆ ಸವರಿದರು. ಆ ಹೊತ್ತಿಗೆ ಬೆರಳಿನ ಕಪ್ಪು ಮಾಸಲು ಶುರುವಾಗಿತ್ತು.

ಕುರ್ಚಿಯಲ್ಲಿ ಕೂತ ಮೇಲೆ ನಾನು ಮಾಡಿದ ಮೊದಲ ಕೆಲಸ ವಿಭಾಗದ ಸಭೆಗಳನ್ನು ಬೆಳಗ್ಗೆಗೆ ತಂದದ್ದು. ಮೊದಲು ಸಂಜೆ ತರಗತಿ ಬಿಟ್ಟ ಮೇಲೆ ಸಭೆ ಇರುತ್ತಿತ್ತು. ಕಾಣಿಯೂರಿನ ಬಸ್ಸು, ಸುಬ್ರಹ್ಮಣ್ಯದ ಬಸ್ಸು ಎಂದು ಹೆಂಗಸರೆಲ್ಲ ನಡುವಿನಲ್ಲಿ ಎದ್ದು ಹೋಗುತ್ತಿದ್ದರು, ತೀರ್ಮಾನಗಳು ಅವರು ಹೋದ ಮೇಲೆ ಆಗುತ್ತಿದ್ದವು. ಮೇಡಂಗೆ ಅದನ್ನು ಹೇಳಿದಾಗ, ಇದು ನನಗೆ ಯಾಕೆ ಹೊಳೆಯಲಿಲ್ಲ ಎಂದರು. ಆ ದನಿ ನನಗೆ ಈಗಲೂ ಕೇಳುತ್ತದೆ.

ಎರಡನೆಯ ವಿಷಯದಲ್ಲಿ ಮಾತ್ರ ನಾನು ಕಣ್ಣುಮುಚ್ಚಿ ಅವರ ಹಾದಿ ಹಿಡಿದೆ. ಯಾರನ್ನೇ ಆಗಲಿ ಒಂದೇ ಸಲ ಕೇಳುತ್ತಿದ್ದೆ. ಹೊಸದಾಗಿ ಸೇರಿದ ಉಪನ್ಯಾಸಕಿಯೊಬ್ಬಳಿದ್ದಳು, ಕೊಲ್ಲಮೊಗ್ರದವಳು, ಬುದ್ಧಿವಂತೆ. ಒಂದು ದೊಡ್ಡ ಸಂಶೋಧನಾ ಯೋಜನೆ ಬಂದಾಗ, ನೀನು ಮುಂದೆ ನಿಂತು ನಡೆಸುತ್ತೀಯಾ ಎಂದು ಕೇಳಿದೆ. ಅವಳು, ಅಯ್ಯೋ ನಾನಾ ಮೇಡಂ ಎಂದಳು. ಅವಳು ಪಾಠ ಕಲಿಯಲಿ ಎಂದು ನಾನು ಮುಂದಿನವನನ್ನು ಕೇಳಿದೆ. ಅವನು ಯೋಚಿಸಿ ಹೇಳುತ್ತೇನೆ ಎಂದ. ಮಧ್ಯಾಹ್ನ ಲ್ಯಾಬಿಗೆ ಹೋದಾಗ ಅವಳು ನಲ್ಲಿಯ ಮುಂದೆ ನಿಂತು ಅಳುತ್ತಿದ್ದಳು.

ಸಂಜೆ ಮಗುವನ್ನು ಕರೆತರಲು ಹೋದಾಗ ಮೇಡಂಗೆ ಹೇಳಿದೆ. ಕಲಿಯಬೇಕಾದ್ದೇ ಅವಳು ಎನ್ನುತ್ತಾರೆಂದು ಕಾದೆ. ಅವರು ತಮ್ಮ ಬೆರಳುಗಳನ್ನೇ ನೋಡುತ್ತ ಕೂತಿದ್ದರು.

"ನನ್ನ ಕೈಯಲ್ಲಿ ಕೊಡ್ಲಿಕ್ಕೆ ಎಂತದ್ದೂ ಇರ್ಲಿಲ್ಲ. ಹಾಗೆ ಕಲಿಸಿದೆ. ನಿನ್ನ ಕೈಯಲ್ಲಿ ಕೊಡ್ಲಿಕ್ಕೆ ಉಂಟು. ನೀನು ಎರಡು ಸಲ ಕೇಳು" ಎಂದರು.

ಮರುದಿನ ನಾನು ಆ ಹುಡುಗಿಯನ್ನು ಕರೆದು ಮತ್ತೆ ಕೇಳಿದೆ. ಅವಳು ಹೂಂ ಎಂದಳು. ಆ ಯೋಜನೆ ಈಗಲೂ ಅವಳೇ ನಡೆಸುತ್ತಿದ್ದಾಳೆ. ಆದರೆ ಮೇಡಂ ಮಾತ್ರ ತಮ್ಮ ಕ್ರಮ ಬಿಡಲಿಲ್ಲ. ಅವರ ಮನೆಯಲ್ಲಿ ಚಹಾ ಒಂದೇ ಸಲ.

ಕಾಯಿಲೆ ಎಂದು ತಿಳಿಯುವ ಹೊತ್ತಿಗೆ ತಡವಾಗಿತ್ತು. ಮಂಗಳೂರಿಗೆ ಹೋಗಿ ಬಂದು ಮಾಡುತ್ತ ಮಾಡುತ್ತ ಅವರು ಸಣ್ಣಗಾದರು. ಕೊನೆಗೆ ಆಸ್ಪತ್ರೆ ಸಾಕು, ಮನೆಯಲ್ಲಿರುತ್ತೇನೆ ಎಂದರು. ಅವರ ಸಾಕಿಗೆ ಯಾರೂ ಒತ್ತಾಯ ಮಾಡುವಂತಿರಲಿಲ್ಲ. ನಾನು ಬಿಡುವಾದಾಗಲೆಲ್ಲ ಹೋಗುತ್ತಿದ್ದೆ. ವಿಭಾಗದ ಸುದ್ದಿ ಹೇಳಬೇಕು, ಯಾವ ಉಪಕರಣ ಕೆಟ್ಟಿದೆ, ಯಾರು ಪಿಎಚ್.ಡಿ. ಮುಗಿಸಿದರು, ಎಲ್ಲ. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಬೆರಳುಗಳು ಆಗ ಪೂರ್ತಿ ಬೆಳ್ಳಗಾಗಿದ್ದವು. ಆ ಬೆಳ್ಳನೆಯ ಬೆರಳು ಹಿಡಿದರೆ ಬೇರೆ ಯಾರದೋ ಕೈ ಹಿಡಿದ ಹಾಗಾಗುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಹೋಗಿದ್ದೆ. ಹೊರಡಲು ಎದ್ದಾಗ ಮೇಡಂ, ಊಟ ಮಾಡಿ ಹೋಗ್ತೀಯಾ ಎಂದರು. ಆ ಮನೆಯ ಸ್ಥಿತಿಯಲ್ಲಿ ಊಟಕ್ಕೆ ಕೂರುವುದು ಹೇಗೆ? ಅವರ ಗಂಡ ಒಬ್ಬರೇ ಎಲ್ಲ ನೋಡಿಕೊಳ್ಳುತ್ತಿದ್ದರು. ಸಾಲದ್ದಕ್ಕೆ ನಾನು ಕ್ಯಾಂಟೀನಿನಲ್ಲಿ ಉಂಡೇ ಬಂದಿದ್ದೆ. ಬೇಡ ಮೇಡಂ, ಇನ್ನೊಮ್ಮೆ ಬರುತ್ತೇನೆ ಎಂದೆ. ಈ ಸಲ ಅದು ನಿಜವಾದ ಬೇಡ. ಅವರು ಆಯ್ತು ಎಂದು ಕಣ್ಣು ಮುಚ್ಚಿದರು. ನಾನು ಬ್ಯಾಗು ತೆಗೆದುಕೊಂಡು ಬಾಗಿಲಿಗೆ ಬಂದು ಚಪ್ಪಲಿಗೆ ಕಾಲು ತೂರಿಸಿದೆ.

ಒಳಗಿನಿಂದ ಅವರ ದನಿ ಕೇಳಿತು. ಸಣ್ಣ ದನಿ, ಆದರೆ ಸ್ಪಷ್ಟವಾಗಿತ್ತು.

"ಊಟ ಮಾಡಿ ಹೋಗು ಮಾರಾಯ್ತಿ."

ಅಡಿಗೆಮನೆಯ ಬಾಗಿಲಲ್ಲಿ ಅವರ ಗಂಡ ಸೌಟು ಹಿಡಿದು ನಿಂತಿದ್ದರು. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ಯಾರೂ ಕೇಳದ ಮಾತು ಅದು. ಮೇಡಂ ಇನ್ನು ಹೆಚ್ಚು ದಿನ ಇರುವುದಿಲ್ಲ ಎಂದು ಡಾಕ್ಟರು ಹೇಳಿದಾಗ ನಾನು ನಂಬಿರಲಿಲ್ಲ. ಚಪ್ಪಲಿಯಲ್ಲಿ ಕಾಲಿಟ್ಟುಕೊಂಡು ನಿಂತ ಆ ಹೊತ್ತಿನಲ್ಲಿ ನಂಬಿದೆ.

ಚಪ್ಪಲಿ ಕಳಚಿ ಒಳಗೆ ಹೋದೆ. ಅವರ ಮಂಚದ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಕುಚ್ಚಲಕ್ಕಿ ಗಂಜಿ, ಮಾವಿನ ಉಪ್ಪಿನಕಾಯಿ, ಒಂದು ಸುಟ್ಟ ಒಣಮೀನು. ಮೇಡಂ ದಿಂಬಿಗೆ ಒರಗಿ ಕೂತು ನಾನು ಉಣ್ಣುವುದನ್ನೇ ನೋಡಿದರು. ಬಟ್ಟಲು ಖಾಲಿಯಾದಾಗ ಗಂಡನಿಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಅವರು ಇನ್ನೊಂದು ಸೌಟು ತಂದರು. ಹೊಟ್ಟೆಯಲ್ಲಿ ಜಾಗ ಇರಲಿಲ್ಲ. ಹಾಕಿ ಎಂದೆ. ಹಾಕಿದ್ದನ್ನೆಲ್ಲ ಉಂಡೆ. ಮೇಡಂ ಮುಖದಲ್ಲಿ ಒಂದು ನಗು ಬಂತು. ಆ ಸಂಜೆಯವರೆಗೆ ಅಲ್ಲೇ ಇದ್ದೆ. ಮುಂದಿನ ವಾರ ಅವರು ಹೋದರು.

ಬೊಜ್ಜದ ದಿನ ಉತ್ತರಕ್ರಿಯೆಯ ಊಟಕ್ಕೆ ಅಂಗಳದಲ್ಲಿ ಶಾಮಿಯಾನ ಹಾಕಿ ಎಲೆ ಹಾಸಿದ್ದರು. ನನ್ನ ಪಕ್ಕದಲ್ಲಿ ಕೊಲ್ಲಮೊಗ್ರದ ಹುಡುಗಿ ಕೂತಿದ್ದಳು. ಎದುರಿನ ಸಾಲಿನಲ್ಲಿ ಆ ಹಳೆಯ ನಿರ್ದೇಶಕರು ಕೂತಿದ್ದರು. ತುಂಬಾ ವಯಸ್ಸಾಗಿದೆ, ಮೊಮ್ಮಗ ಕೈ ಹಿಡಿದು ಕರೆತಂದಿದ್ದ. ಮೇಡಂ ಎಷ್ಟು ಒಳ್ಳೆಯ ಟೀಚರು, ಯಾವ ಸ್ಥಾನಕ್ಕೂ ಆಸೆಪಟ್ಟವರಲ್ಲ ಎಂದು ಪಕ್ಕದವರಿಗೆ ಹೇಳುತ್ತಿದ್ದರು. ನಿಜವಾಗಿ ನಂಬಿಯೇ ಹೇಳುತ್ತಿದ್ದರು.

ಮೇಡಂ ಅವರ ಗಂಡ ಸಾಲಿನುದ್ದಕ್ಕೂ ವಿಚಾರಿಸುತ್ತ ಬಂದರು, ಹಿಂದೆ ಪಾಯಸದ ಪಾತ್ರೆ ಹಿಡಿದ ನೆಂಟರ ಹುಡುಗ. ನಿರ್ದೇಶಕರು ಎಲೆಗೆ ಕೈ ಅಡ್ಡ ಹಿಡಿದು ಸಾಕು ಸಾಕು ಎಂದರು. ಮೇಡಂ ಅವರ ಗಂಡ ಬಗ್ಗಿ, ಅವರ ಕೈಯನ್ನು ಮೆಲ್ಲಗೆ ಸರಿಸಿ, "ಇನ್ನು ಸ್ವಲ್ಪ ತಗೊಳ್ಳಿ ಸರ್, ಅವಳ ಹೆಸರಿನಲ್ಲಿ" ಎಂದು ಎರಡನೇ ಸಲ ಹೇಳಿ ಪಾಯಸ ಹಾಕಿಸಿದರು.

ಮೇಡಂ ಇದ್ದಿದ್ದರೆ ಆಯ್ತು ಎಂದು ಮುಂದಿನ ಎಲೆಗೆ ಹೋಗುತ್ತಿದ್ದರು.

ನಮ್ಮ ಸಾಲಿಗೆ ಬಂದು ಬೇಕಾ ಎಂದಾಗ ನಾನು ಬೇಕು ಎಂದೆ, ನನ್ನ ಪಕ್ಕದ ಹುಡುಗಿಯೂ ಬೇಕು ಎಂದಳು. ಪಾಯಸ ಬಿತ್ತು. ಉಣ್ಣುತ್ತ ಅಡಿಗೆಮನೆಯ ಬಾಗಿಲ ಕಡೆ ನೋಡಿದೆ. ಸೆರಗು ಸಿಕ್ಕಿಸಿ, ಕಪ್ಪು ಬೆರಳಲ್ಲಿ ಪಾತ್ರೆ ಹಿಡಿದು ಬರುತ್ತಾರೆ ಎಂದು ಕಾಯುತ್ತ ಕೂತೆ. ಎರಡನೇ ಸಲ ಬೇಡ, ಒಂದು ಸಲ ಕೇಳಿದರೂ ಸಾಕಿತ್ತು.